ಮಂಚದ ಮೇಲಿನ ಏಳು ಚೀಲ

ಗುಂಪು: ಮೂಡಿಗೆರೆ ಮನೆ
ಸೆಪ್ಟೆಂಬರ್ ಕೊನೆಯ ಭಾನುವಾರ, ಸಂಜೆ
(ಎಲ್ಲರಿಗೂ ಉಲ್ಲನ್ ಹೆಣೆಯುವವಳು ನಾನು. ಮಗಳು, ತಮ್ಮ, ಅಕ್ಕ ಅಂತ ಬರೆದಿರುವುದು ನನಗೆ ಆಗುವ ಸಂಬಂಧ.)

ಮಗಳು: (ಫೋಟೋ) ಅಮ್ಮನ ಮಂಚ ನೋಡಿ ಎಲ್ಲರೂ. ಏಳು ಬಟ್ಟೆ ಚೀಲ. ಏಳರಲ್ಲೂ ಕಡ್ಡಿ, ಉಲ್ಲನ್ ಉಂಡೆ. ಒಂದೂ ಮುಗಿದಿಲ್ಲ. ಮಲಗಲು ಜಾಗ ಇಲ್ಲ.

ತಮ್ಮ: ಅಕ್ಕ, ಇದರಲ್ಲಿ ನನ್ನದು ಯಾವುದು? ಟೊರೊಂಟೊದಲ್ಲಿ ಇನ್ನೊಂದು ತಿಂಗಳಿಗೆ ಚಳಿ ಶುರು. ಹೋದ ವರ್ಷವೇ ಕೇಳಿದ್ದೆ.

ಅಕ್ಕ: ಬಿಳಿಯದು ಪಾಪುವಿನದು ಅಲ್ವಾ? ಬರೀ ಬಾರ್ಡರ್ ಆದ ಹಾಗೆ ಕಾಣುತ್ತಿದೆ. ನನ್ನ ಮಗಳ ಹೆರಿಗೆಗೆ ನವೆಂಬರ್ ಡೇಟು ಕೊಟ್ಟಿದ್ದಾರೆ, ನೆನಪಿದೆಯಾ?

ಭಾವ: ಎರಡು ದೋಣಿಯ ಮೇಲೆ ಕಾಲಿಡಬಾರದು ಅನ್ನುತ್ತಾರೆ. ನೀನು ಏಳರ ಮೇಲೆ ಇಟ್ಟಿದ್ದೀಯಮ್ಮ. ಒಂದು ಹಿಡಿ, ಮುಗಿಸು, ಆಮೇಲೆ ಇನ್ನೊಂದು. ಅಷ್ಟೇ.

ಅಕ್ಕ: ಮತ್ತೆ ಆ ಹಸಿರು ಯಾರದು? ಹಸಿರು ಬೇಕು ಅಂತ ಯಾರೂ ಕೇಳಿದ ನೆನಪಿಲ್ಲ ನನಗೆ.

ನಾನು: ನನ್ನದು.

ಅಕ್ಕ: ಈಗ? ಎಲ್ಲರದೂ ಬಾಕಿ ಇಟ್ಟುಕೊಂಡು?

ನಾನು: ಸರಿ, ಬರೆಯುತ್ತೇನೆ. ಉದ್ದ ಆಗುತ್ತದೆ, ಪೂರ್ತಿ ಓದಿ.

ಮೊದಲು ಏನೇನಿದೆ ಅಂತ ಹೇಳುತ್ತೇನೆ. ಬಿಳಿ ಚೀಲ ಪಾಪುವಿನದು, ಸ್ವೆಟರ್, ಟೋಪಿ, ಕಾಲುಚೀಲ ಮೂರೂ. ನೀಲಿ ತಮ್ಮನದು. ಬೂದು ಬಣ್ಣದ್ದು ಅವನ ಮಗನ ಮಫ್ಲರ್. ಕಂದು ಬಣ್ಣದ್ದು ನಮ್ಮ ಅಮ್ಮನ ಕಾಲುಚೀಲ, ಒಂದು ಕಾಲಿನದು ಆಗಿದೆ. ಕೆಂಪು ನನ್ನ ಮಗಳ ಕಾರ್ಡಿಗನ್. ನೇರಳೆ ಸ್ಟೋಲ್ ಚಿಕ್ಕಪ್ಪನ ಮಗಳದು. ಹಸಿರು ನನ್ನದು.

ಭಾವ, ಇವು ಅರ್ಧಕ್ಕೆ ಬಿಟ್ಟ ಕೆಲಸ ಅಲ್ಲ. ನಡೆಯುತ್ತಾ ಇರುವ ಕೆಲಸ. ಬೇಳೆ ಬೇಯುತ್ತಿರುವಾಗ ನಾವು ಪಲ್ಯಕ್ಕೆ ಹೆಚ್ಚುವುದಿಲ್ವಾ? ಹುಣಸೆಹಣ್ಣು ನೆನೆಹಾಕುವುದಿಲ್ವಾ? ಬೇಳೆ ಇಳಿಸುವ ತನಕ ಸುಮ್ನೆ ಕೂತಿರು ಅಂತ ಯಾರೂ ಹೇಳುವುದಿಲ್ಲ. ಹೆಣಿಗೆಯೂ ಹಾಗೇ. ಒಂದೊಂದಕ್ಕೆ ಒಂದೊಂದು ಹೊತ್ತು ಬೇಕು. ಪಾಪುವಿನದು 11 ನಂಬರ್ ಕಡ್ಡಿ, ತೆಳು ದಾರ, ಎದೆಯ ಹತ್ತಿರ ಸಣ್ಣ ಲೇಸ್ ಡಿಸೈನ್. ಎಂಟು ಸಾಲಿಗೆ ಒಂದು ಸುತ್ತು ಬರುತ್ತದೆ, ಪ್ರತಿ ಸಾಲೂ ಎಣಿಸಬೇಕು. ಮನೆಯಲ್ಲಿ ಯಾರೂ ಮಾತಾಡಬಾರದು. ಅಂದರೆ ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ. ನೀಲಿ ಎಷ್ಟು ಗಾಢ ಅಂದರೆ ಟ್ಯೂಬ್‌ಲೈಟಿನಲ್ಲಿ ಒಂದು ಸ್ಟಿಚ್ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರು ಆಯಿತು ಅನ್ನುವುದೇ ಕಾಣುವುದಿಲ್ಲ. ಅದಕ್ಕೆ ಮಧ್ಯಾಹ್ನ, ಕಿಟಕಿ ಹತ್ತಿರ. ರಾತ್ರಿ ಧಾರಾವಾಹಿ ನೋಡುತ್ತಾ ಮಫ್ಲರ್. ಅದು ಬರೀ ನಿಟ್, ಕಣ್ಣು ಬೇಕಾಗಿಲ್ಲ. ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಅಮ್ಮನ ಕಾಲುಚೀಲ, ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಯುತ್ತದೆ.

ಅಕ್ಕ: ಹಾಗಾದರೆ ಮಫ್ಲರ್ ಹೊತ್ತನ್ನೂ ಪಾಪುವಿನದಕ್ಕೇ ಹಾಕು. ಎರಡು ವಾರ. ಆಮೇಲೆ ಬೇಕಾದ್ದು ಮಾಡು.

ನಾನು: ಹಾಕಿದೆ ಅಕ್ಕ. ಹೋದ ಮಂಗಳವಾರ ನೀನು ಫೋನ್ ಮಾಡಿದ ಮೇಲೆ ರಾತ್ರಿ ಅದನ್ನೇ ಹಿಡಿದು ಕೂತೆ. ಡಿಸೈನಿನ ತೂತು ಬರಲು ಕಡ್ಡಿಗೆ ದಾರ ಸುತ್ತಬೇಕು, ಒಂದು ಕಡೆ ಅದು ಬಿಟ್ಟುಹೋಗಿತ್ತು. ಬೆಳಿಗ್ಗೆ ನೋಡುವಷ್ಟರಲ್ಲಿ ಅದರ ಮೇಲೆ ಹನ್ನೊಂದು ಸಾಲು ಬಂದಿತ್ತು. ಎಲ್ಲ ಬಿಚ್ಚಿದೆ. ಫೋಟೋದಲ್ಲಿ ಬರೀ ಬಾರ್ಡರ್ ಇದ್ದ ಹಾಗೆ ಕಾಣುತ್ತಿರುವುದು ಅದಕ್ಕೇ. ಈಗ ಎಂಟು ಸಾಲಿಗೊಮ್ಮೆ ಸೂಜಿಯಲ್ಲಿ ಗುಲಾಬಿ ಹೊಲಿಗೆ ದಾರ ಪೋಣಿಸಿ, ಕಡ್ಡಿಯ ಮೇಲಿರುವ ಎಲ್ಲ ಸ್ಟಿಚ್ ಒಳಗಿಂದ ಎಳೆದು ಬಿಡುತ್ತಿದ್ದೇನೆ. ಇನ್ನೊಮ್ಮೆ ತಪ್ಪಾದರೆ ಬಿಚ್ಚಿದ್ದು ಆ ಗುಲಾಬಿ ದಾರದ ಹತ್ತಿರ ಬಂದು ನಿಲ್ಲುತ್ತದೆ, ಬುಡದ ತನಕ ಹೋಗುವುದಿಲ್ಲ.

ರಾತ್ರಿಯ ಎರಡು ಗಂಟೆ ತಂದು ಬೆಳಿಗ್ಗೆಗೆ ಸೇರಿಸಲು ಬರುವುದಿಲ್ಲ. ಇದನ್ನು ಅರ್ಥ ಮಾಡಿಕೊಳ್ಳಿ ಅಂತ ಕೇಳುತ್ತಿದ್ದೇನೆ.

ಅಕ್ಕನ ಮಗಳು: ಚಿಕ್ಕಮ್ಮ, ಅವಸರ ಮಾಡಬೇಡಿ. ಅಮ್ಮನಿಗೆ ನಾನು ಹೇಳುತ್ತೇನೆ. ಆದರೆ ಅಳತೆ ಸ್ವಲ್ಪ ದೊಡ್ಡದೇ ಇಡಿ, ಹುಟ್ಟಿದ ಮಗುವಿನ ಅಳತೆ ಆದರೆ ಒಂದೇ ತಿಂಗಳಿಗೆ ಸಣ್ಣದಾಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದಾರೆ.

ನಾನು: ಸರಿಯಾಗಿ ಹೇಳಿದೆ ಪುಟ್ಟಿ. ಎದೆ 19 ಇಂಚು ಇಟ್ಟಿದ್ದೇನೆ. ಡಿಸೆಂಬರ್, ಜನವರಿಯಲ್ಲಿ ತೋಳು ಮಡಚಿ ಹಾಕು. ಮಾರ್ಚ್‌ಗೆ ಬೆಂಗಳೂರಲ್ಲಿ ಬಿಸಿಲು, ಆಮೇಲೆ ಅದು ಬೇಕಾಗುವುದೇ ಇಲ್ಲ. ಮುಂದೆ ಬಟನ್, ತಲೆ ಮೇಲಿಂದ ಎಳೆಯುವ ಕಷ್ಟ ಇಲ್ಲ. ತೋಳಿನಲ್ಲಿ ತೂತಿನ ಡಿಸೈನ್ ಹಾಕುವುದಿಲ್ಲ, ಪಾಪುವಿನ ಬೆರಳು ಸಿಕ್ಕಿಕೊಳ್ಳುತ್ತದೆ.

ತಮ್ಮ: ಎಲ್ಲ ಸರಿ. ನನ್ನದಕ್ಕೆ ಏನು ಅಡ್ಡಿ? ಬೆಳಕು ಇದೆ, ಕಿಟಕಿ ಇದೆ.

ನಾನು: ನೀನೇ ಅಡ್ಡಿ ಕಣೋ. ಹಿಂದೆ ಮುಂದೆ ಎರಡೂ ಕಂಕುಳ ತನಕ ಬಂದು ನಿಂತಿವೆ. ಭುಜದ ಅಳತೆ, ತೋಳಿನ ಅಳತೆ ಕೊಡು ಅಂತ ಜೂನ್‌ನಿಂದ ಕೇಳುತ್ತಿದ್ದೇನೆ. ಇದೇ ಗುಂಪಿನಲ್ಲಿ ಮೂರು ಸಲ ಕೇಳಿದ್ದೇನೆ, ಮೇಲೆ ಹೋಗಿ ನೋಡು. ಹಳೆಯ ಅಳತೆ ಇಟ್ಟುಕೊಂಡು ಹಾಕೋಣ ಅಂದರೆ ಹಳೆಯ ಸ್ವೆಟರ್ ಎಲ್ಲಿದೆ?

ತಮ್ಮ: ಆ ಮೆಷಿನ್ ವಿಷಯ ಈಗ ಬೇಡ ಅಕ್ಕ.

ನಾನು: ಬೇಕು. ಹೊಸಬರೂ ಇದ್ದಾರೆ ಗುಂಪಿನಲ್ಲಿ, ಗೊತ್ತಿರಲಿ. ಹಳೆಯ ಸ್ವೆಟರ್ ಮೆಷಿನ್ನಿಗೆ ಹಾಕಿ ಕುಗ್ಗಿಸಿಬಿಟ್ಟ. ಉಣ್ಣೆಯ ಎಳೆಯ ಮೇಲೆ ಮೀನಿನ ಪೊರೆಯ ಹಾಗೆ ಸಣ್ಣ ಸಣ್ಣ ಪದರ ಇರುತ್ತದೆ. ಬಿಸಿ ನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಒಂದರ ಪೊರೆ ಇನ್ನೊಂದಕ್ಕೆ ಸಿಕ್ಕಿಕೊಂಡು ಬಟ್ಟೆ ದಪ್ಪ ಆಗಿ, ಕುಗ್ಗಿ ಹೋಗುತ್ತದೆ. ಮತ್ತೆ ಎಳೆದರೆ ಬರುವುದಿಲ್ಲ. ಅದಕ್ಕೆ ಈ ಸಲ ಸೂಪರ್‌ವಾಶ್ ಉಣ್ಣೆ ತಂದಿದ್ದೇನೆ, ಮೆಷಿನ್ನಿಗೆ ಹಾಕಬಹುದು. ಆದರೂ ತಣ್ಣೀರು. ಉಳಿದವರದು ಅಕ್ರಿಲಿಕ್, ಹೆದರಬೇಡಿ.

ನಾದಿನಿ (ತಮ್ಮನ ಹೆಂಡತಿ): ಅತ್ತಿಗೆ, ನಾನೂ ಒಂದು ಹೇಳುತ್ತೇನೆ. ಭಾವನವರು ಹೇಳಿದ ಹಾಗೆ ಒಂದೇ ಹಿಡಿದು ಮುಗಿಸೋಣ ಅಂತ ನಾನು ಇಲ್ಲಿ ಟೊರೊಂಟೊದಲ್ಲಿ ಕಲಿಯುವಾಗ ಒಂದೇ ಜೊತೆ ಕಡ್ಡಿ ಇಟ್ಟುಕೊಂಡಿದ್ದೆ. ನೀವು ಕೊಟ್ಟಿದ್ದ 8 ನಂಬರ್. ಮಧ್ಯದಲ್ಲಿ ಮಗನಿಗೆ ಟೋಪಿ ಅರ್ಜೆಂಟು ಬೇಕಾಯಿತು. ತೋಳಿನ ಸ್ಟಿಚ್ ಎಲ್ಲ ಒಂದು ದಾರಕ್ಕೆ ಇಳಿಸಿ ಆ ಕಡ್ಡಿ ತೆಗೆದುಕೊಂಡೆ. ಮತ್ತೆ ತೋಳು ಶುರು ಮಾಡುವಾಗ ಇಲ್ಲಿನ ಅಂಗಡಿಯಿಂದ ಇನ್ನೊಂದು 8 ನಂಬರ್ ತಂದೆ. ತೋಳು ಕೆಳಗೆ ಬರುತ್ತಾ ಬರುತ್ತಾ ಗಂಟೆಯ ಹಾಗೆ ಅಗಲ ಆಯಿತು! ನಮ್ಮ 8 ಅಂದರೆ 4 ಮಿಲಿಮೀಟರ್, ಅಮೆರಿಕದ 8 ಅಂದರೆ 5 ಅಂತ ಆಮೇಲೆ ನೀವು ಹೇಳಿದಿರಿ. ಅವತ್ತಿನಿಂದ ಒಂದರ ಕಡ್ಡಿ ಇನ್ನೊಂದಕ್ಕೆ ತೆಗೆಯುವುದಿಲ್ಲ ನಾನು.

ನಾನು: ಹ್ಞೂ. ಅದಕ್ಕೇ ಪ್ರತಿ ಚೀಲದಲ್ಲೂ ಒಂದು ಚೀಟಿ ಇಡುತ್ತೇನೆ. (ಫೋಟೋ) ಇದು ಅಮ್ಮನ ಕಾಲುಚೀಲದ್ದು. ಕಡ್ಡಿ ಎಷ್ಟು, 64 ಸ್ಟಿಚ್, ಹಿಮ್ಮಡಿ ಮುಗಿದ ಮೇಲೆ ಎಷ್ಟನೇ ಸಾಲು, ಎಲ್ಲ ಬರೆದಿದೆ. ಆರು ತಿಂಗಳು ಬಿಟ್ಟು ತೆಗೆದರೂ ಕೈ ಅಲ್ಲಿಂದಲೇ ಶುರು ಮಾಡುತ್ತದೆ. ಚೀಟಿ ಇಲ್ಲದ ಚೀಲ ಇದ್ದರೆ ಬೈಯಿರಿ, ಒಪ್ಪುತ್ತೇನೆ.

ಭಾವ: ಒಪ್ಪಿದೆ. ಆದರೂ ನಾಲ್ಕು ಇರಲಿ, ಐದು ಇರಲಿ. ಏಳು ಯಾಕೆ?

ನಾನು: ಇದು ನ್ಯಾಯವಾದ ಪ್ರಶ್ನೆ ಭಾವ. ಕೆಂಪು ಕಾರ್ಡಿಗನ್ ಅಲ್ಲಿ ಇರಬಾರದಿತ್ತು. ತಪ್ಪು ನನ್ನದೇ. ಒಂದು ಉಂಡೆ ಕಡಿಮೆ ತಂದಿದ್ದೆ. ಮತ್ತೆ ಹೋದಾಗ ಶೇಡ್ ನಂಬರ್ ಅದೇ, ಲಾಟ್ ನಂಬರ್ ಬೇರೆ, ಅಂದರೆ ಬೇರೆ ಸಲ ಬಣ್ಣ ಹಾಕಿದ್ದು. ಅಂಗಡಿಯ ಬೆಳಕಿನಲ್ಲಿ ಒಂದೇ ಕಂಡಿತು. ಅಂಗಳಕ್ಕೆ ತಂದು ಪಕ್ಕದಲ್ಲಿ ಇಟ್ಟರೆ ಒಂದು ಕುಂಕುಮ, ಇನ್ನೊಂದು ಇಟ್ಟಿಗೆ. ಈಗ ಎರಡು ಸಾಲು ಹಳೆಯದು, ಎರಡು ಸಾಲು ಹೊಸದು ಹಾಗೆ ಬೆರೆಸಿ ಎರಡೂ ತೋಳಿನ ಕೆಳಭಾಗ ಹಾಕಬೇಕು. ಆಗ ಗೆರೆ ಹೊಡೆದ ಹಾಗೆ ಕಾಣುವುದಿಲ್ಲ. ಇನ್ನು ಸ್ಟೋಲ್, ಮದುವೆ ಮನೆಯಲ್ಲಿ ಕೇಳಿದಾಗ ಹ್ಞೂ ಅಂದುಬಿಟ್ಟೆ.

ಚಿಕ್ಕಪ್ಪನ ಮಗಳು: ಅಕ್ಕ, ನನ್ನದು ಮುಂದಿನ ವರ್ಷಕ್ಕೆ ಇಟ್ಟುಬಿಡಿ. ನಿಜವಾಗಿ ಹೇಳುತ್ತಿದ್ದೇನೆ.

ಅಕ್ಕ: ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ, ಎಲ್ಲ ಓದಿ ಹೇಳಿದೆ. ಅವಳು ಹೇಳುವುದನ್ನು ಬರೆಯುತ್ತಿದ್ದೇನೆ: "ನಾನು ನಾಲ್ಕು ಮಕ್ಕಳಿಗೆ, ಅತ್ತೆ ಮಾವನಿಗೆ ಎಲ್ಲ ಹಾಕಿದೆ. ಒಂದು ಕಡ್ಡಿಯಿಂದ ಇಳಿಯದೆ ಇನ್ನೊಂದು ಏರಿಸಲಿಲ್ಲ."

ನಾನು: ಅಕ್ಕ, ಅಮ್ಮನ ಹತ್ತಿರ ಆಗ ಎಷ್ಟು ಜೊತೆ ಕಡ್ಡಿ ಇತ್ತು ಕೇಳು.

ಅಕ್ಕ: ಎರಡು ಜೊತೆ ಅಂತೆ. 9 ನಂಬರ್ ಒಂದು, 11 ನಂಬರ್ ಒಂದು. ಕಾಲುಚೀಲಕ್ಕೆ ಅಪ್ಪ ಸೈಕಲ್ ಚಕ್ರದ ಕಡ್ಡಿ ನಾಲ್ಕು ತುಂಡು ಮಾಡಿ, ತುದಿ ಕಲ್ಲಿಗೆ ಉಜ್ಜಿ ಕೊಟ್ಟಿದ್ದರಂತೆ. ಅವು ಇನ್ನೂ ಇವೆ ಅನ್ನುತ್ತಿದ್ದಾಳೆ, ಟ್ರಂಕಿನಲ್ಲಿ.

ನಾನು: ಮತ್ತೆ ಉಲ್ಲನ್?

ಅಕ್ಕ: ಹೊಸದು ಕೊಂಡದ್ದು ಕಡಿಮೆ. ದೊಡ್ಡವರದು ಬಿಚ್ಚಿ ಚಿಕ್ಕವರಿಗೆ. ಹೌದು, ನನಗೂ ನೆನಪಿದೆ. ಬಿಚ್ಚಿದ ದಾರ ಗುಂಗುರು ಗುಂಗುರಾಗಿ ಇರುತ್ತಿತ್ತು, ಒದ್ದೆ ಮಾಡಿ ಬಚ್ಚಲ ಒಲೆಯ ಮೇಲೆ ಕಟ್ಟಿ ಒಣಗಿಸುತ್ತಿದ್ದಳು. ಆಮೇಲೆ ನಾವು ಎರಡೂ ಕೈ ಚಾಚಿ ಲಡಿ ಹಿಡಿದು ನಿಲ್ಲಬೇಕಿತ್ತು, ಅವಳು ಉಂಡೆ ಸುತ್ತುತ್ತಿದ್ದಳು. ಕೈ ಸೋತು ಕೆಳಗೆ ಬಿಟ್ಟರೆ ಬೈಗುಳ.

ನಾನು: ನೋಡಿ. ಅಮ್ಮನಿಗೆ ಕಡ್ಡಿ ಖಾಲಿ ಆಗದೆ ಇನ್ನೊಂದು ಏರಿಸಲು ಆಗುತ್ತಿರಲಿಲ್ಲ. ಒಂದರ ದಾರ ಬಿಚ್ಚದೆ ಇನ್ನೊಂದಕ್ಕೆ ದಾರ ಇರಲಿಲ್ಲ. ಕಡ್ಡಿ ಇದ್ದಿದ್ದರೆ ಅಮ್ಮನೂ ಅಡುಗೆಮನೆಯಲ್ಲಿ ಒಂದು, ಜಗಲಿಯಲ್ಲಿ ಒಂದು ಇಟ್ಟುಕೊಳ್ಳುತ್ತಿದ್ದಳು ಅಂತ ನನಗೆ ಅನಿಸುತ್ತದೆ. ಕೇಳಿ ನೋಡು.

ಅಕ್ಕ: ಕೇಳಿದೆ. "ಇಟ್ಟುಕೊಳ್ಳುತ್ತಿದ್ದೆನೇನೋ" ಅಂದಳು. ಕಾಲುಚೀಲ ಬೇಗ ಬೇಕಂತೆ, ಇಲ್ಲಿ ಮಳೆ ಇನ್ನೂ ಬಿಟ್ಟಿಲ್ಲ, ನೆಲ ತಣ್ಣಗೆ ಕೊರೆಯುತ್ತದೆ.

ಆದರೆ ಹಸಿರು? ಅದಕ್ಕೆ ನೀನು ಇನ್ನೂ ಉತ್ತರ ಕೊಟ್ಟಿಲ್ಲ. ಮೈಸೂರಲ್ಲಿ ಉಣ್ಣೆ ಸ್ವೆಟರ್ ಎಷ್ಟು ದಿನ ಹಾಕುತ್ತೀಯ? ನಿನ್ನದು ಕೊನೆಗೆ ಮಾಡಿಕೊಂಡರೆ ಏನು ಹೋಗುತ್ತದೆ?

ನಾನು: ಕೊಡುತ್ತೇನೆ. ಹತ್ತು ವರ್ಷದವಳಿದ್ದಾಗ ಕಡ್ಡಿ ಹಿಡಿದೆ, ಈಗ 58. ಇಷ್ಟು ವರ್ಷದಲ್ಲಿ ನನಗಾಗಿ ಮುಗಿಸಿದ್ದು ಎರಡು. ಎರಡೇ. ಪ್ರತಿ ಸಲ ಕೊನೆಗೆ ಅಂತ ಇಟ್ಟೆ, ಪ್ರತಿ ಸಲ ಯಾರದೋ ಮಗು ಹುಟ್ಟಿತು, ಯಾರೋ ಪರದೇಶಕ್ಕೆ ಹೊರಟರು. ಸಂತೋಷದಿಂದಲೇ ಹಾಕಿಕೊಟ್ಟೆ, ಅದರಲ್ಲಿ ಸುಳ್ಳಿಲ್ಲ. ಆದರೆ ಈ ಮನೆಯಲ್ಲಿ ಕೊನೆಗೆ ಅನ್ನುವುದು ಬರುವುದೇ ಇಲ್ಲ ಅಕ್ಕ.

ಹಸಿರು ಮೆರಿನೊ ಉಣ್ಣೆ, ನನ್ನ ದುಡ್ಡಿನಲ್ಲಿ ತಂದದ್ದು. ಕತ್ತಿನಿಂದ ಕೆಳಗೆ ಬರುವ ಹಾಗೆ ಹಾಕುತ್ತಿದ್ದೇನೆ, ಎಲ್ಲೂ ಜೋಡಿಸುವ ಹೊಲಿಗೆ ಇಲ್ಲ, ಆಗಾಗ ಮೈಮೇಲೆ ಹಾಕಿ ನೋಡಿ ಉದ್ದ ತೀರ್ಮಾನ ಮಾಡಬಹುದು. ಇದನ್ನು ನಾನು ಮೊದಲ ಸಲ ಮಾಡುತ್ತಿರುವುದು. ನಿಮ್ಮದರಲ್ಲಿ ಪ್ರಯೋಗ ಮಾಡಲು ನನಗೆ ಧೈರ್ಯ ಬರುವುದಿಲ್ಲ, ನನ್ನದರಲ್ಲಿ ಬರುತ್ತದೆ. ಮೂರು ಸಲ ಕತ್ತು ಬಿಚ್ಚಿದ್ದೇನೆ. ಮುಂದಿನ ವರ್ಷ ತಮ್ಮನಿಗೆ ಹೀಗೇ ಹಾಕಿಕೊಡಬಹುದು.

ಇನ್ನೊಂದು ವಿಷಯ ಇದೆ, ಇದು ಅಳೆದು ನೋಡಿದ್ದು. ನಾನು ಸಮಾಧಾನದಲ್ಲಿ ಇರುವಾಗ ತಮ್ಮನ ಉಲ್ಲನ್ನಿನಲ್ಲಿ 4 ಇಂಚಿಗೆ 22 ಸ್ಟಿಚ್ ಬರುತ್ತದೆ. ಆಗಸ್ಟ್‌ನಲ್ಲಿ ಎಲ್ಲರೂ ದಿನಾ ಫೋನ್ ಮಾಡಿ ಆಯ್ತಾ ಆಯ್ತಾ ಅಂತ ಕೇಳುತ್ತಿದ್ದ ವಾರ ಹಾಕಿದ್ದನ್ನು ಅಳೆದರೆ 24. ಅದೇ ಕಡ್ಡಿ, ಅದೇ ದಾರ. ಕೈ ಬಿಗಿಯಾಗಿತ್ತು ಅಷ್ಟೇ. ಲೆಕ್ಕ ಹಾಕಿ, 42 ಇಂಚು ಇರಬೇಕಾದ ಸ್ವೆಟರ್ ಮೂವತ್ತೆಂಟೂವರೆಗೆ ಬರುತ್ತದೆ. ಆ ವಾರದ್ದನ್ನೆಲ್ಲ ಬಿಚ್ಚಿದೆ. ಸಂಜೆ ಒಂದು ಗಂಟೆ ಹಸಿರು ಹಿಡಿದ ಮೇಲೆ ರಾತ್ರಿ ನಿಮ್ಮದು ಹಿಡಿದರೆ ಕೈ ಸಡಿಲ ಇರುತ್ತದೆ. ಆ ಒಂದು ಗಂಟೆಯನ್ನು ನಾನು ಯಾರಿಗೂ ಕೊಡುವುದಿಲ್ಲ.

ಮತ್ತೆ ನನಗೆ ಆ ಬಣ್ಣ ತುಂಬಾ ಇಷ್ಟ ಆಯಿತು.

ಮಗಳು: ಅಮ್ಮ, ಸಾರಿ. ಸುಮ್ನೆ ತಮಾಷೆಗೆ ಹಾಕಿದ್ದೆ ಫೋಟೋ.

ನಾನು: ನೀನು ಹಾಕಿದ್ದು ಒಳ್ಳೆಯದೇ ಆಯಿತು ಬಿಡು.

ಅಕ್ಕ: ನನಗೆ ಇನ್ನೂ ಪಾಪುವಿನದೇ ಮೊದಲು ಅನಿಸುತ್ತದೆ. ಅದನ್ನು ಬಿಡುವುದಿಲ್ಲ ನಾನು. ಒಂದು ಕೆಲಸ ಮಾಡು. ಟೋಪಿ, ಕಾಲುಚೀಲ ಎರಡೂ ನನಗೆ ಕೊಡು. ನಿಟ್ಟಿಂಗ್ ಕೈ ಹೋಗಿದೆ, ಕ್ರೋಶಾದಲ್ಲಿ ಹಾಕುತ್ತೇನೆ. ನೀನು ಸ್ವೆಟರ್ ಒಂದೇ ನೋಡಿಕೋ.

ನಾನು: ಇದು ಆಗುತ್ತದೆ. ಬಿಳಿ ಉಂಡೆ ಎರಡು ನಾಳೆ ಕೊರಿಯರ್ ಮಾಡುತ್ತೇನೆ, ಒಂದೇ ಲಾಟಿನದು. ಅಲ್ಲಿ ಬೇರೆ ಬಿಳಿ ಕೊಳ್ಳಬೇಡ, ಬಿಳಿಯಲ್ಲೂ ಹತ್ತು ಬಿಳಿ ಇದೆ. ಸ್ವೆಟರ್ ಅಕ್ಟೋಬರ್ 31ಕ್ಕೆ ನಿನ್ನ ಕೈಯಲ್ಲಿ ಇರುತ್ತದೆ. ಬರೆದಿಟ್ಟುಕೋ.

ಅಕ್ಕ: ಬರೆದೆ.

ತಮ್ಮ: ಭುಜದಿಂದ ಭುಜಕ್ಕೆ 19. ತೋಳು 20 ಇಂಚು.

ನಾನು: ಹಾಕಿಕೊಂಡು ಅಳೆದೆಯಾ?

ತಮ್ಮ: ಹ್ಞೂ.

ನಾನು: ಹಾಗೆ ಬೇಡ. ನಿನಗೆ ಸರಿಯಾಗಿ ಕೂರುವ ಯಾವುದಾದರೂ ಸ್ವೆಟರ್ ತೆಗೆದು ಮಂಚದ ಮೇಲೆ ಚಪ್ಪಟೆಯಾಗಿ ಹಾಸು. ಎಳೆಯಬೇಡ. ಭುಜದ ಹೊಲಿಗೆಯಿಂದ ಹೊಲಿಗೆಗೆ ಒಂದು, ಕಂಕುಳಿನಿಂದ ಮಣಿಕಟ್ಟಿಗೆ ಒಂದು. ಟೇಪು ಕಾಣುವ ಹಾಗೆ ಫೋಟೋ ಕಳುಹಿಸು.

ನಾದಿನಿ: ನಾನೇ ಅಳೆದೆ ಅತ್ತಿಗೆ. (ಫೋಟೋ) (ಫೋಟೋ)

ನಾನು: ಭುಜ ಹದಿನೇಳೂವರೆ, ತೋಳು 19. ಚೀಟಿಯಲ್ಲಿ ಬರೆದುಕೊಂಡೆ. ನಾಳೆ ಮಧ್ಯಾಹ್ನ ಬೆಳಕು ಬಂದ ಮೇಲೆ ಕಂಕುಳಿಗೆ ಸ್ಟಿಚ್ ಮುಚ್ಚಲು ಶುರು ಮಾಡುತ್ತೇನೆ.