160 ಕ್ರೆಡಿಟ್ ಅಂದ್ರೆ ಅಲ್ಲಿ ಎಷ್ಟು?

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ಅಕ್ಕ ಕೇಳಿದ ಪ್ರಶ್ನೆಗೆ ಬರೆಯುತ್ತಿದ್ದೇನೆ. ಅವರ ತಮ್ಮನ ಮಗ ಇಲ್ಲಿ ಬೆಂಗಳೂರಿನಲ್ಲಿ ಬಿ.ಇ. ಮುಗಿಸುತ್ತಿದ್ದಾನೆ. ಅಲ್ಲಿನ ಮಾಸ್ಟರ್ಸ್‌ಗೆ 180 ಕ್ರೆಡಿಟ್ ಬೇಕಂತೆ, ಇವನದ್ದು 160 ಅಷ್ಟೇ. 20 ಕಮ್ಮಿ ಬಿತ್ತಲ್ಲ ಅಂತ ಮನೆಯವರೆಲ್ಲ ಗಾಬರಿಯಾಗಿದ್ದಾರೆ.

ಅಕ್ಕಾ, ಕಮ್ಮಿ ಬಿದ್ದಿಲ್ಲ. ಎರಡೂ ಕಡೆ ಕ್ರೆಡಿಟ್ ಅಂತಲೇ ಕರೆಯುತ್ತಾರೆ, ಆದರೆ ಅಳತೆ ಬೇರೆ. ನಮ್ಮಲ್ಲಿ ಸೆಮಿಸ್ಟರ್ ಪೂರ್ತಿ ವಾರಕ್ಕೆ ಒಂದು ಗಂಟೆ ಪಾಠ ಅಥವಾ ಎರಡು ಗಂಟೆ ಲ್ಯಾಬ್ ಅಂದರೆ ಒಂದು ಕ್ರೆಡಿಟ್. ಯುರೋಪಿನಲ್ಲಿ ಕ್ರೆಡಿಟ್ ಎಣಿಸುವ ಪದ್ಧತಿಯಾದ ಇಸಿಟಿಎಸ್‌ನಲ್ಲಿ ಕ್ಲಾಸಿನ ಜೊತೆ ಮನೆಯಲ್ಲಿ ಓದುವುದು, ಪರೀಕ್ಷೆಗೆ ತಯಾರಿ ಎಲ್ಲ ಸೇರಿ 25ರಿಂದ 30 ಗಂಟೆಗೆ ಒಂದು ಕ್ರೆಡಿಟ್. ಒಂದು ವರ್ಷದ ಪೂರ್ತಿ ಓದಿಗೆ 60. ಇಂಗ್ಲೆಂಡಿನಲ್ಲಿ ವರ್ಷಕ್ಕೆ 120. ಅಮೆರಿಕದಲ್ಲಿ ನಾಲ್ಕು ವರ್ಷದ ಡಿಗ್ರಿಗೇ ಸಾಮಾನ್ಯವಾಗಿ 120.

ಹಾಗಾಗಿ ಬರೀ ನಂಬರ್ ಹೋಲಿಸಬೇಡಿ, ವರ್ಷ ಹಿಡಿದು ಲೆಕ್ಕ ಹಾಕಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್‌ನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮದಲ್ಲಿ, ಲ್ಯಾಬ್ ಸೇರಿಸಿಕೊಂಡೇ ಬರುವ ಕೋರ್ ಸಬ್ಜೆಕ್ಟ್‌ಗಳಿವೆ. ವಾರಕ್ಕೆ ಮೂರು ಗಂಟೆ ಪಾಠ, ಎರಡು ಗಂಟೆ ಲ್ಯಾಬ್, ಒಟ್ಟು 4 ಕ್ರೆಡಿಟ್. ನಾಲ್ಕು ವರ್ಷಕ್ಕೆ ಇಲ್ಲಿ 160, ಯುರೋಪಿನ ಲೆಕ್ಕದಲ್ಲಿ 240. ಅಂದರೆ ಇಲ್ಲಿನ ಆ 4 ಕ್ರೆಡಿಟ್‌ನ ಸಬ್ಜೆಕ್ಟ್ ಯುರೋಪಿನಲ್ಲಿ ಹೆಚ್ಚುಕಮ್ಮಿ 6 ಆಗುತ್ತದೆ, ಇಂಗ್ಲೆಂಡಿನಲ್ಲಿ 12, ಅಮೆರಿಕದಲ್ಲಿ 3. ಓದಿದ್ದು ಅದೇ ಪಾಠ, ಅದೇ ಲ್ಯಾಬ್, ಅಲ್ವಾ? ಆದರೆ ಇದು ನಮ್ಮ ಅಂದಾಜು. ಕೊನೆಗೆ ತೀರ್ಮಾನ ಮಾಡುವುದು ಸೇರಿಸಿಕೊಳ್ಳುವ ಯೂನಿವರ್ಸಿಟಿಯೇ.

ಅವರು ಒಟ್ಟು ಕ್ರೆಡಿಟ್ ನೋಡಿ ಸುಮ್ಮನಾಗುವುದಿಲ್ಲ. ಗಣಿತಕ್ಕೆ ಇಷ್ಟು, ಪ್ರೋಗ್ರಾಮಿಂಗ್‌ಗೆ ಇಷ್ಟು ಅಂತ ಒಂದೊಂದಾಗಿ ಕೇಳುತ್ತಾರೆ. ಮಾರ್ಕ್ಸ್ ಕಾರ್ಡಿನಲ್ಲಿ ಸಬ್ಜೆಕ್ಟ್ ಹೆಸರು, ಕ್ರೆಡಿಟ್, ಗ್ರೇಡ್ ಇರುತ್ತದೆ, ಅದರಲ್ಲಿ ಏನೇನು ಓದಿದ್ದು ಅಂತ ಇರುವುದಿಲ್ಲ. ಅದಕ್ಕೇ ಸಿಲಬಸ್ ಬೇಕು, ಅದೂ ಹುಡುಗ ಸೇರಿದ ವರ್ಷದ ಸ್ಕೀಮ್‌ನದ್ದೇ. ಕಾಲೇಜು ಅಟಾನಮಸ್ ಆಗಿದ್ದರೆ, ಅಂದರೆ ತನ್ನದೇ ಸಿಲಬಸ್ ಮಾಡಿಕೊಳ್ಳುವಂಥದ್ದಾದರೆ, ವಿಟಿಯು ಸಿಲಬಸ್ ಕೊಟ್ಟು ಪ್ರಯೋಜನವಿಲ್ಲ, ಕಾಲೇಜಿನದ್ದೇ ತೆಗೆದುಕೊಳ್ಳಬೇಕು.

ಇನ್ನು ಗ್ರೇಡ್. ಜರ್ಮನಿಯಲ್ಲಿ 1 ಅಂದರೆ ಎಲ್ಲಕ್ಕಿಂತ ಒಳ್ಳೆಯದು, ಪಾಸಾಗಲು ಕೊನೆಯ ಗೆರೆ 4. ನಮ್ಮ ಸಿಜಿಪಿಎಯನ್ನು, ಅಂದರೆ ಎಲ್ಲ ಸೆಮಿಸ್ಟರ್‌ಗಳ ಸರಾಸರಿ ಗ್ರೇಡನ್ನು, ಸಾಮಾನ್ಯವಾಗಿ ಬವೇರಿಯನ್ ಸೂತ್ರ ಅನ್ನುವ ಲೆಕ್ಕದಲ್ಲಿ ಜರ್ಮನ್ ಗ್ರೇಡಿಗೆ ಬದಲಾಯಿಸುತ್ತಾರೆ. 10ಕ್ಕೆ 8 ಬಂದಿದ್ದರೆ, ಪಾಸಿನ ಗ್ರೇಡ್ ಪಾಯಿಂಟ್ 4 ಅಂತ ಹಿಡಿದರೆ 2.0 ಬರುತ್ತದೆ. ಅದೇ 5 ಅಂತ ಹಿಡಿದರೆ 2.2. ಸೀಟು ಸಿಗುವುದು ತಪ್ಪುವುದು ಇಷ್ಟರಲ್ಲೇ ಆಗಿಬಿಡಬಹುದು. ಹಾಗಾಗಿ ಪಾಸಿಗೆ ಎಷ್ಟು ಪಾಯಿಂಟ್ ಅಂತ ತೋರಿಸುವ ಗ್ರೇಡ್ ಪಟ್ಟಿಯ ಪುಟವನ್ನು ಸ್ಕ್ಯಾನ್ ಮಾಡದೆ ಬಿಡಬೇಡಿ. ನಮ್ಮ ಓದಿನ ದಾಖಲೆಗಳನ್ನು ಪರಿಶೀಲಿಸಿ ಜರ್ಮನಿಯ ಕಡೆಯವರು ಕೊಡುವ ಎಪಿಎಸ್ ಸರ್ಟಿಫಿಕೇಟ್ ಕೂಡ ಬೇಕು, ಅದಕ್ಕೆ ಬೇಗ ಅರ್ಜಿ ಹಾಕಿಸಿ.

ಬಿ.ಕಾಂ., ಬಿ.ಎಸ್ಸಿ. ಮಕ್ಕಳ ಕಥೆ ಸ್ವಲ್ಪ ಬೇರೆ. ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕನೇ ವರ್ಷದ ಆನರ್ಸ್ ಬಂತು, 2024-25ರಿಂದ ಮತ್ತೆ ಮೂರೇ ವರ್ಷದ ಡಿಗ್ರಿ. ಯುರೋಪಿನಲ್ಲಿ ಮೂರು ವರ್ಷದ ಬ್ಯಾಚುಲರ್ಸ್ ಮಾಮೂಲು. ಅಮೆರಿಕದ ಕೆಲವು ಯೂನಿವರ್ಸಿಟಿಗಳು ಮಾತ್ರ ಮಾಸ್ಟರ್ಸ್‌ಗೆ ನಾಲ್ಕು ವರ್ಷದ ಡಿಗ್ರಿಯೇ ಆಗಬೇಕು ಅನ್ನುತ್ತವೆ. ಮನೆಯವರು ಇದನ್ನು ಪಿಯುಸಿ ಮುಗಿಯುವಾಗಲೇ ಯೋಚಿಸಿದರೆ ಒಳ್ಳೆಯದು. ಮೂರನೇ ವರ್ಷದಲ್ಲಿ ಗೊತ್ತಾದರೆ ಮಗುವಿಗೆ ಸುಮ್ನೆ ಸಂಕಟ.

ವಿದೇಶದಲ್ಲಿ ಡಿಗ್ರಿ ಮಾಡಿ ಬೆಂಗಳೂರಿಗೆ ಓದಲು ಬರುವ ಮಕ್ಕಳಿದ್ದರೆ, ಆ ಡಿಗ್ರಿ ಇಲ್ಲಿನದಕ್ಕೆ ಸಮ ಅನ್ನುವ ಸಮಾನತೆಯ ಪತ್ರ ಬೇಕೇ, ಬೇಕಿದ್ದರೆ ಯಾರಿಂದ ಅಂತ ಕಾಲೇಜಿನಲ್ಲಿ ಮೊದಲೇ ವಿಚಾರಿಸಿ.

ಅಕ್ಕಾ, ಹುಡುಗ ಯಾವ ವರ್ಷ ಸೇರಿದ್ದು, ಕಾಲೇಜು ಅಟಾನಮಸ್ಸಾ ಅಂತ ತಿಳಿಸಿ. ಸಬ್ಜೆಕ್ಟ್ ಪಟ್ಟಿ ಕಳಿಸಿದರೆ ಆ 180ರ ಲೆಕ್ಕ ಕೂತು ಹಾಕಿಕೊಡುತ್ತೇನೆ.