ಶಾಲೆಯ ಸರ್ವರ್ ಸತ್ತಿದೆ, ಪಾಠದ ಫೈಲುಗಳು ವಾಪಸ್ ಸಿಗಬಹುದಾ?

ಗಜನಿ_ಮಾಸ್ತರು:
ಕುಮಟಾ ಹತ್ತಿರದ ಒಂದು ಹೈಸ್ಕೂಲು ನಮ್ಮದು. ಮೊನ್ನೆ ರಾತ್ರಿ ಗುಡುಗು ಸಿಡಿಲು ಜೋರಿತ್ತು, ಬೆಳಿಗ್ಗೆ ಬಂದು ನೋಡಿದರೆ ಸ್ಟಾಫ್ ರೂಮಿನ ಸರ್ವರ್ ಸತ್ತು ಬಿದ್ದಿದೆ. ಸರ್ವರ್ ಅಂದರೆ ದೊಡ್ಡದೇನಲ್ಲ, ಹಳೆ ಅಸೆಂಬಲ್ಡ್ ಪಿಸಿ, ಉಬುಂಟು ಲಿನಕ್ಸ್ ಹಾಕಿದೆ, ಒಳಗೆ 1 ಟಿಬಿಯ ಎರಡು ಹಾರ್ಡ್ ಡಿಸ್ಕ್. ಒಂದಕ್ಕೆ ಬರೆದದ್ದು ಇನ್ನೊಂದಕ್ಕೂ ಹೋಗುತ್ತದೆ, ಬೇರೆ ಬ್ಯಾಕಪ್ಪೇ ಬೇಡ ಅಂತ ಕೂರಿಸಿಕೊಟ್ಟವರು ಹೇಳಿ ಹೋಗಿದ್ದರು. ಪವರ್ ಸಪ್ಲೈ ಬದಲಿಸಿದೆವು. ಈಗ ಒಂದು ಡಿಸ್ಕ್ ಟಿಕ್ ಟಿಕ್ ಅನ್ನುತ್ತದೆ, ಇನ್ನೊಂದು ತಿರುಗುವುದೇ ಇಲ್ಲ.

ಒಳಗೆ ಏನೇನಿತ್ತು ಅಂದರೆ 8ರಿಂದ 10ರವರೆಗಿನ ನೋಟ್ಸು, ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಗಳು, ಬಾಷ್ಪೀಕರಣದ ಪಾಠಕ್ಕೆ ಅಂತ ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ತೆಗೆದ ಫೋಟೋಗಳು, ಗಜನಿಯ (ಉಪ್ಪುನೀರು ನುಗ್ಗುವ ಗದ್ದೆ) ಕಗ್ಗ ಭತ್ತದ ವಿಡಿಯೋ. ಮತ್ತೆ ಹಾಡುಗಳು. ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಮಕ್ಕಳು ಹಠ ಹಿಡಿದು ತಮ್ಮ ಹಾಲಕ್ಕಿ ಕೊಪ್ಪಗಳ (ಕೇರಿಗಳ) ಅಜ್ಜಿಯರ ಹಾಡು ರೆಕಾರ್ಡ್ ಮಾಡಿ ತಂದಿದ್ದರು, ಅವರಲ್ಲಿ ಕೆಲವು ಅಜ್ಜಿಯರು ಈಗ ಇಲ್ಲ. ರಿಪೇರಿಯವನು "ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕಿ ಕೊಡ್ತೇನೆ" ಅಂತಿದ್ದಾನೆ. ಏನು ಮಾಡಲಿ?

ಹೊನ್ನಾವರ_ರಫ್‌ನೋಟು:
ಮಾಸ್ತರೇ, ನೇರವಾಗಿ ಹೇಳ್ತೇನೆ, ಬೇಜಾರು ಬೇಡ. ನೋಟ್ಸಿಗೆ ಯಾಕಿಷ್ಟು ತಲೆಬಿಸಿ? ಪಠ್ಯಪುಸ್ತಕ ಸಂಘದ ಸೈಟಲ್ಲಿ ಪುಸ್ತಕಗಳ ಪಿಡಿಎಫ್ ಇದೆ, ಹಳೆ ಎಸ್ಸೆಸ್ಸೆಲ್ಸಿ ಪತ್ರಿಕೆಗಳು ಪರೀಕ್ಷಾ ಮಂಡಳಿ ಸೈಟಲ್ಲಿ ಸಿಗುತ್ತವೆ, ದೀಕ್ಷಾ ಆ್ಯಪ್ ಇದೆ. ಹಾಡು, ಫೋಟೋ ಬಿಟ್ಟರೆ ಉಳಿದದ್ದೆಲ್ಲ ಹೊಸದಾಗಿ ಮಾಡಿಕೊಳ್ಳಬಹುದು, ಮಾಡಿಕೊಂಡರೆ ಒಳ್ಳೆಯದೇ. ಬೇಕಾದರೆ ಡಿಸ್ಕನ್ನು ಪ್ಲಾಸ್ಟಿಕ್ಕಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಲ್ಲಿಟ್ಟು ನೋಡಿ, ಕೆಲವು ಸಲ ಓಡುತ್ತದಂತೆ.

ಶಿರಸಿ_ಬೆಸುಗೆ:
ಫ್ರೀಜರ್ ಬೇಡವೇ ಬೇಡ! ನಿಮ್ಮ ಕರಾವಳಿಯ ಹವೆಗೆ ಫ್ರೀಜರಿಂದ ಹೊರಗೆ ತೆಗೆದ ಕೂಡಲೇ ಒಳಗೂ ಹೊರಗೂ ನೀರು ಕೂರುತ್ತದೆ, ಫೈಲು ಇರುವ ಒಳಗಿನ ತಟ್ಟೆ ಹಾಗೆ ಒದ್ದೆ ಇರುವಾಗ ಅದನ್ನು ಓದುವ ಹೆಡ್ ಮೇಲೆ ಓಡಿದರೆ ಮುಗೀತು. ರಿಪೇರಿಯವನನ್ನೂ ಸದ್ಯ ದೂರ ಇಡಿ.

ಮೊದಲು ಟಿಕ್ ಟಿಕ್ ಡಿಸ್ಕಿನ ಕರೆಂಟು ತೆಗೆಯಿರಿ. ಆ ಶಬ್ದ ಹೆಡ್ಡಿನದ್ದು, ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆ ಗೀರಿ ಹೋಗುವ ಸಾಧ್ಯತೆ ಇದೆ. ಶಬ್ದ ಮಾಡುವುದಕ್ಕೆ ಜೀವ ಇದೆ, ಸುಮ್ಮನಿರುವುದು ಸತ್ತಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಉಲ್ಟಾ. ಸಿಡಿಲಿಗೆ ಸಾಮಾನ್ಯವಾಗಿ ಹೋಗುವುದು ಕೆಳಗಿನ ಹಸಿರು ಬೋರ್ಡು, ಒಳಗಿನ ತಟ್ಟೆ, ಹೆಡ್ಡು ಚೆನ್ನಾಗೇ ಇರುತ್ತವೆ. ಟಿಕ್ ಅನ್ನುವುದು ಮೊದಲೇ ಕಾಯಿಲೆ ಬಿದ್ದಿರಬಹುದು. ರೇಡ್‌ನಲ್ಲಿ (ನಿಮ್ಮಲ್ಲಿರುವ ಹಾಗೆ ಎರಡು ಡಿಸ್ಕಿಗೂ ಒಂದೇ ಬರೆಯುವ ಮಿರರ್ ಜೋಡಣೆ) ಒಂದು ಡಿಸ್ಕ್ ಕಳಚಿಕೊಂಡರೂ ಇನ್ನೊಂದರ ಮೇಲೆ ಎಲ್ಲ ಎಂದಿನಂತೆ ನಡೆಯುತ್ತದೆ, ಮೇಲ್ ಬರುವ ವ್ಯವಸ್ಥೆ ಮಾಡಿಲ್ಲದಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಹಾಗಾಗಿದ್ದರೆ ಅದರಲ್ಲಿ ಹಳೆಯ ಫೈಲುಗಳೇ ಇರುತ್ತವೆ.

ಸುಮ್ಮನಿರುವ ಡಿಸ್ಕಿನ ಬೋರ್ಡನ್ನು ಮೂಸಿ ನೋಡಿ. ಪವರ್ ಕನೆಕ್ಟರ್ ಹತ್ತಿರ ಟಿವಿಎಸ್ ಡಯೋಡ್ ಅಂತ ಒಂದೆರಡು ಸಣ್ಣ ಕಪ್ಪು ತುಂಡುಗಳಿರುತ್ತವೆ. ವೋಲ್ಟೇಜ್ ಜಾಸ್ತಿ ಬಂದರೆ ತಾವು ಶಾರ್ಟ್ ಆಗಿ ಉಳಿದದ್ದನ್ನು ಕಾಯುವುದೇ ಅವುಗಳ ಕೆಲಸ. ಶಾರ್ಟ್ ಆದದ್ದನ್ನು ಕಿತ್ತರೆ ಎಷ್ಟೋ ಡಿಸ್ಕ್ ತಿರುಗುತ್ತವೆ, ಆದರೆ ಬೆಸುಗೆ ಬಲ್ಲವರೇ ಮಾಡಬೇಕು. ಆಮೇಲೆ ರಕ್ಷಣೆ ಇರುವುದಿಲ್ಲ, ಒಳ್ಳೆ ಪವರ್ ಸಪ್ಲೈ ಹಾಕಿ ಕೂಡಲೇ ಕಾಪಿ ಮಾಡಿಕೊಳ್ಳಬೇಕು. ಅದೇ ಮಾಡೆಲ್ಲಿನ ಬೇರೆ ಬೋರ್ಡು ತಂದು ಸುಮ್ನೆ ಕೂರಿಸಿದರೆ ಈಗಿನ ಡಿಸ್ಕುಗಳಲ್ಲಿ ನಡೆಯುವುದಿಲ್ಲ, ಆ ಡಿಸ್ಕಿಗೇ ಹೊಂದಿಸಿದ ಮಾಹಿತಿ ಹಳೆ ಬೋರ್ಡಿನ ರೋಮ್ (ROM) ಚಿಪ್ಪಿನಲ್ಲಿರುತ್ತದೆ, ಅದನ್ನೂ ಎತ್ತಿ ಹಾಕಬೇಕು.

ತಿರುಗಿತು ಅಂದರೆ ನೇರ ಫೈಲು ಎಳೆಯಲು ಹೋಗಬೇಡಿ. ಜಿಎನ್‌ಯು ಡಿಡಿರೆಸ್ಕ್ಯೂ ಅನ್ನುವ ಸಾಫ್ಟ್‌ವೇರಲ್ಲಿ ಇಡೀ ಡಿಸ್ಕಿನ ಇಮೇಜ್ (ಇದ್ದ ಹಾಗೇ ಪೂರ್ತಿ ನಕಲು) ಬೇರೆ ದೊಡ್ಡ ಡಿಸ್ಕಿಗೆ ತೆಗೆಯಿರಿ. ಅದು ಚೆನ್ನಾಗಿ ಓದಲು ಬರುವುದನ್ನು ಮೊದಲು ಎತ್ತಿಕೊಂಡು ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತದೆ. ಎಲ್ಲಿಯವರೆಗೆ ಓದಿಯಾಯ್ತು ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಟ್ಟಿದ್ದರೆ ನಡುವೆ ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ, ಮಳೆಗಾಲದಲ್ಲಿ ಇದು ಬೇಕೇ ಬೇಕು. ವಿಂಡೋಸಿಗೆ ಹಾಕಿ "ಇನಿಶಿಯಲೈಜ್ ಮಾಡಲಾ" ಅಂತ ಕೇಳಿದರೆ ಕ್ಯಾನ್ಸಲ್ ಒತ್ತಿ. ಮಿರರ್ ಆದ್ದರಿಂದ ಒಂದೇ ಡಿಸ್ಕಿನ ಇಮೇಜ್ ಸಾಕು, ಲಿನಕ್ಸಲ್ಲಿ ರೀಡ್ ಓನ್ಲಿ ಆಗಿ ತೆರೆಯಬಹುದು.

ಕಾರವಾರದ_ಅಕ್ಕೋರು:
ಡಿಸ್ಕಿನ ಕೆಲಸ ನಡೆಯುವಷ್ಟರಲ್ಲಿ ಊರೆಲ್ಲ ಹುಡುಕಿ ಮಾಸ್ತರೇ. ನಮ್ಮಲ್ಲಿ ಇಂಥದ್ದೇ ಆದಾಗ ಅರ್ಧಕ್ಕರ್ಧ ಫೈಲುಗಳು ಸಿಕ್ಕಿದ್ದು ಜೆರಾಕ್ಸ್ ಅಂಗಡಿಯ ಕಂಪ್ಯೂಟರಲ್ಲಿ! ಪ್ರಿಂಟಿಗೆ ಅಂತ ಪೆನ್‌ಡ್ರೈವ್ ಕೊಟ್ಟಾಗ ಅವರು ಡೆಸ್ಕ್‌ಟಾಪಿಗೆ ಕಾಪಿ ಮಾಡಿಕೊಂಡಿರುತ್ತಾರೆ, ಅಳಿಸುವುದೇ ಇಲ್ಲ. ಪ್ರಶ್ನೆಪತ್ರಿಕೆ ಹೀಗೆ ಬಿದ್ದಿರಬಾರದು ನಿಜ, ಈಗ ಮಾತ್ರ ಉಪಕಾರವಾಯ್ತು.

ಕೊರೋನಾ ಸಮಯದಲ್ಲಿ ಪಾಠವೆಲ್ಲ ವಾಟ್ಸಾಪಲ್ಲೇ ಹೋಗಿತ್ತಲ್ವಾ? ಆಗ ಕಳಿಸಿದವರ ಹಳೆ ಫೋನು ಮೂಲೆಯಲ್ಲಿದ್ದರೆ ಚಾರ್ಜ್ ಮಾಡಿ, ಫೈಲ್ ಮ್ಯಾನೇಜರಲ್ಲಿ ವಾಟ್ಸಾಪ್ ಡಾಕ್ಯುಮೆಂಟ್ಸ್ ಫೋಲ್ಡರು, ಅದರೊಳಗೆ ಸೆಂಟ್ ಅಂತ ಇನ್ನೊಂದು, ಎರಡನ್ನೂ ನೋಡಿ. ಚಾಟಿನಲ್ಲಿ ಡೌನ್‌ಲೋಡ್ ಆಗುವುದಿಲ್ಲ ಅಂದ ಫೈಲೂ ಕಳಿಸಿದವರ ಫೋನಿನ ಸೆಂಟ್‌ನಲ್ಲಿ ಉಳಿದಿರಬಹುದು. ಹಾಡು ರೆಕಾರ್ಡ್ ಮಾಡಿದ ಮಕ್ಕಳು ಈಗ ಬೆಂಗಳೂರಲ್ಲೋ ಗೋವಾದಲ್ಲೋ ಕೆಲಸದಲ್ಲಿರಬಹುದು, ಅವರಿಗೂ ಹೇಳಿ ಕಳಿಸಿ, ಗೂಗಲ್ ಫೋಟೋಸಲ್ಲಿ ವಿಡಿಯೋ ಇದ್ದರೂ ಇರಬಹುದು.

ರಫ್‌ನೋಟು ಅವರು ಹೇಳಿದ್ದರಲ್ಲಿ ಅರ್ಧ ಸರಿ. ಪುಸ್ತಕದಲ್ಲಿರುವುದನ್ನೇ ಟೈಪ್ ಮಾಡಿದ ನೋಟ್ಸು ಹೋದರೆ ಹೋಗಲಿ. ಆದರೆ ಬಾಷ್ಪೀಕರಣಕ್ಕೆ ಸಾಣಿಕಟ್ಟಾದ ಫೋಟೋ ದೀಕ್ಷಾದಲ್ಲಿ ಹುಡುಕಲಿಕ್ಕೆ ಆಗುತ್ತದಾ?

ಗಜನಿ_ಮಾಸ್ತರು:
ಎಲ್ಲರಿಗೂ ಥ್ಯಾಂಕ್ಸ್. ಸುಮ್ಮನಿರುವ ಡಿಸ್ಕಿನ ಬೋರ್ಡು ನೋಡಿದೆವು, ಸುಟ್ಟ ವಾಸನೆ ಇದೆ, ಕನೆಕ್ಟರ್ ಪಕ್ಕದ ಒಂದು ಕಪ್ಪು ತುಂಡು ಮಧ್ಯದಲ್ಲಿ ಬಿರಿದಿದೆ. ಕನೆಕ್ಟರಿನ ಕಾಲುಗಳಿಗೆ ಉಪ್ಪುಗಾಳಿಯ ಹಸಿರು ತುಕ್ಕು ಬೇರೆ. ಜೆರಾಕ್ಸ್ ಅಂಗಡಿಯಲ್ಲಿ ಪತ್ರಿಕೆಗಳು ಸಿಕ್ಕಿವೆ, ಆದರೆ ಅವನು ಹೊಸ ಕಂಪ್ಯೂಟರಿಗೆ ಹಾಕಿಕೊಂಡಿದ್ದಾನೆ, ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಸೊನ್ನೆ, ಕೊಂಬು. ಫೈಲು ಕೆಟ್ಟಿದೆಯಾ?

ಶಿರಸಿ_ಬೆಸುಗೆ:
ಫೈಲಿಗೆ ಏನೂ ಆಗಿಲ್ಲ. ಹಳೆ ನುಡಿ ಫಾಂಟಿನಲ್ಲಿ ಕನ್ನಡದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕೂತಿರುತ್ತವೆ, ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಹಾಗೆಯೇ ಕಾಣುವುದು. ನುಡಿ ಫಾಂಟ್ ಹಾಕಿ ನೋಡಿ, ಸರಿಯಾಗಿ ಕಂಡರೆ ಈಗಿನ ಎಲ್ಲ ಕಂಪ್ಯೂಟರಲ್ಲೂ ಓದಲು ಬರುವ ಯುನಿಕೋಡಿಗೆ ಕನ್ವರ್ಟ್ ಮಾಡಿ ಇಟ್ಟುಬಿಡಿ. ಒತ್ತಕ್ಷರ ಅಲ್ಲಲ್ಲಿ ತಪ್ಪುತ್ತದೆ, ವಿಜ್ಞಾನದ ಸೂತ್ರಗಳು ಗಲಿಬಿಲಿ ಆಗುತ್ತವೆ, ಒಮ್ಮೆ ಓದಬೇಕು.

ಇದು ಡಿಸ್ಕಿನ ವಿಷಯದಲ್ಲೂ ನೆನಪಿರಲಿ. ಫೋಲ್ಡರುಗಳೇ ಹಾಳಾಗಿದ್ದರೆ ಕೊನೆಗೆ ಫೋಟೋರೆಕ್ ಅನ್ನುವ ಫೈಲು ಹೆಕ್ಕುವ ಸಾಫ್ಟ್‌ವೇರ್ ಓಡಿಸಬೇಕಾಗುತ್ತದೆ, ಅದು ಫೈಲಿನ ಹೆಸರು ಉಳಿಸುವುದಿಲ್ಲ, ಎಫ್ ಅಂತ ಶುರುವಾಗುವ ಉದ್ದ ನಂಬರು ಕೊಡುತ್ತದೆ. ಫೋಟೋಗಳಿಗೆ ತೊಂದರೆ ಕಡಿಮೆ, ತೆಗೆದ ದಿನಾಂಕ ಅವುಗಳ ಒಳಗೇ ಇರುತ್ತದೆ. ನುಡಿಯ ಫೈಲುಗಳನ್ನು ಹುಡುಕುವಾಗ ಯುನಿಕೋಡಲ್ಲಿ "ಬಾಷ್ಪೀಕರಣ" ಅಂತ ಕೊಟ್ಟರೆ ಒಂದೂ ಸಿಗುವುದಿಲ್ಲ, ನುಡಿಯಲ್ಲೇ ಟೈಪ್ ಮಾಡಿದ ಪದವನ್ನು ಕಾಪಿ ಮಾಡಿ ಹುಡುಕಬೇಕು.

ಆ ಬಿರಿದ ತುಂಡು ಡಯೋಡೇ ಇರಬೇಕು. ಡಿಸ್ಕ್ ಇಲ್ಲಿಗೆ ತನ್ನಿ, ಮೀಟರ್ ಇಟ್ಟು ನೋಡುವಾ. ಟಿಕ್ ಟಿಕ್ ಡಿಸ್ಕಿಗೆ ನಾನು ಕೈ ಹಾಕುವುದಿಲ್ಲ, ಅದನ್ನು ಬಿಚ್ಚಲು ಧೂಳಿಲ್ಲದ ಲ್ಯಾಬ್ ಬೇಕು, ದುಡ್ಡೂ ಜಾಸ್ತಿ. ಸುಮ್ಮನಿರುವ ಡಿಸ್ಕ್ ಓಡದಿದ್ದರೆ, ಹಾಡಿಗಾಗಿ ಅಷ್ಟು ಖರ್ಚು ಮಾಡುವುದಾ ಅಂತ ಆಮೇಲೆ ಆಡಳಿತ ಮಂಡಳಿಯವರು ಕೂತು ಹೇಳಲಿ.

ಗಜನಿ_ಮಾಸ್ತರು:
ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬರ್ತೇನೆ. ಬಸ್ಸಲ್ಲಿ ತಂದರೆ ಅಡ್ಡಿಲ್ವಾ? ದೇವಿಮನೆ ಘಟ್ಟದ ತಿರುವು, ಹೊಂಡ ನಿಮಗೇ ಗೊತ್ತು.

ಶಿರಸಿ_ಬೆಸುಗೆ:
ಅಡ್ಡಿಲ್ಲ. ಆಫ್ ಇರುವಾಗ ಹೆಡ್ಡು ತಟ್ಟೆಯ ದಾರಿಯಿಂದ ಪಕ್ಕಕ್ಕೆ ಸರಿದು ನಿಂತಿರುತ್ತದೆ. ಬೋರ್ಡಿಗೆ ಆ್ಯಂಟಿಸ್ಟ್ಯಾಟಿಕ್ ಕವರ್, ಮೇಲೆ ಟವೆಲ್ಲು ಸುತ್ತಿ ಕೈಚೀಲದಲ್ಲಿ ತೊಡೆ ಮೇಲಿಟ್ಟುಕೊಳ್ಳಿ, ಡಿಕ್ಕಿಗೆ ಹಾಕಬೇಡಿ. ಇನ್ನೊಂದು ಡಿಸ್ಕ್ ಶಾಲೆಯ ಕಪಾಟಿನಲ್ಲೇ ಬೀಗ ಹಾಕಿಡಿ. ಬರುವಾಗ ಖಾಲಿ 2 ಟಿಬಿ ಡಿಸ್ಕ್ ಒಂದು ತನ್ನಿ, ನನ್ನ ಹತ್ತಿರ ಇಲ್ಲ.