'ಓರ್ಫೆಯೋ' ಕೊನೆ: ನಮ್ಮ ಮನೆ ಗುಂಪಿನ ಜಗಳ

ನಿಖಿಲ್: ಇಟಲಿಯ ಸಂಗೀತಗಾರ ಮೊಂಟೆವರ್ಡಿಯ 'ಓರ್ಫೆಯೋ' ಒಪೆರಾದ (ಹಾಡಿನಲ್ಲೇ ನಡೆಯುವ ನಾಟಕ) ಕೊನೆಯ ಭಾಗ ಹಾಕಿದ್ದೇನೆ. ಗ್ರೀಕ್ ಪುರಾಣದ ಗಾಯಕ ಆರ್ಫಿಯಸ್‌ನ ಕಥೆ: ಸತ್ತ ಹೆಂಡತಿ ಯೂರಿಡಿಸಿಯನ್ನು ಪಾತಾಳದಿಂದ ಕರೆತರುವಾಗ ಹಿಂತಿರುಗಿ ನೋಡಬಾರದು ಅಂತ ಷರತ್ತು, ಅವನು ನೋಡಿಬಿಡುತ್ತಾನೆ. 2002ರಲ್ಲಿ ಬಾರ್ಸಿಲೋನಾದ ಲಿಸೆಯು ರಂಗಮಂದಿರದಲ್ಲಿ ಚಿತ್ರೀಕರಿಸಿದ್ದು. ವಾದ್ಯಮೇಳ ನಡೆಸಿದವರು ಜೋರ್ಡಿ ಸವಾಲ್. ಎಲ್ಲರೂ ನೋಡಿ.

ಪ್ರಸಾದ್ ಮಾವ: ನೋಡಿದೆ. ಹಾಡು ಚೆನ್ನಾಗಿದೆ. ಕೊನೆ ಮಾತ್ರ ಒಪ್ಪಲಾರೆ. ಹಿಂತಿರುಗಿ ನೋಡಿ ಹೆಂಡತಿಯನ್ನು ಎರಡನೇ ಸಲ ಕಳೆದುಕೊಂಡವನು ಆರ್ಫಿಯಸ್. ಅವನನ್ನು ಅಪ್ಪ, ಅಂದರೆ ಅಪೊಲೊ ದೇವರು ಬಂದು ಸ್ವರ್ಗಕ್ಕೆ ಕರೆದುಕೊಂಡು ಹೋಗುವುದಾ? ಆಮೇಲೆ ಕುಣಿತ ಬೇರೆ! ರೋಮನ್ ಕವಿ ಓವಿಡ್‌ನ ಕಾವ್ಯದಲ್ಲಿ ಮದ್ಯದ ದೇವರು ಬಾಕಸ್‌ನ ಭಕ್ತ ಹೆಂಗಸರು ಅವನನ್ನು ಹರಿದು ಹಾಕುತ್ತಾರೆ. ತಲೆ ಹೊಳೆಯಲ್ಲಿ ತೇಲಿಹೋಗುತ್ತದೆ. ಅದು ಕೊನೆ ಅಂದರೆ.

ಚೈತ್ರಾ: ಮಾವ, ಮೊದಲು ಹೆಚ್ಚುಕಡಿಮೆ ಹಾಗೇ ಇತ್ತು. 1607ರಲ್ಲಿ ಇಟಲಿಯ ಮಾಂಟುವಾ ಅರಮನೆಯಲ್ಲಿ ನಡೆದ ಮೊದಲ ಪ್ರದರ್ಶನದ ಹೊತ್ತಿಗೆ ಅಚ್ಚಾದ, ಈ ಒಪೆರಾದ ಮಾತು ಬರೆದ ಸ್ಟ್ರಿಜಿಯೋನ ಪಠ್ಯದಲ್ಲಿ ಆ ಹೆಂಗಸರು ಬರುತ್ತಾರೆ, ಇವನು ತಪ್ಪಿಸಿಕೊಂಡು ಓಡುತ್ತಾನೆ. 1609ರಲ್ಲಿ ವೆನಿಸ್‌ನಲ್ಲಿ ಸ್ವರಲಿಪಿ ಅಚ್ಚಾಯಿತು. ಅದರಲ್ಲಿ ಅಪೊಲೊ ಮೋಡದಲ್ಲಿ ಇಳಿದು ಬರುತ್ತಾನೆ. ಹಳೆಯ ಕೊನೆಯ ಸಂಗೀತ ಉಳಿದಿಲ್ಲ.

ಪ್ರಸಾದ್ ಮಾವ: ನೋಡು ಮತ್ತೆ! ಅರಮನೆಯವರಿಗೆ ಇಷ್ಟವಾಗಲಿ ಅಂತ ಸುಖಾಂತ ಮಾಡಿದ್ದಾರೆ.

ಚೈತ್ರಾ: ಸುಖಾಂತ ಎಲ್ಲಿದೆ ಮಾವ? ಮಾತು ಕೇಳಿಸಿಕೊಳ್ಳಿ. ಹೊರಡುವ ಮುಂಚೆ ಅವನು ಕೇಳುವುದು ಒಂದೇ. ಯೂರಿಡಿಸಿಯ ಕಣ್ಣುಗಳನ್ನು ಇನ್ನೆಂದೂ ನೋಡುವುದಿಲ್ಲವೇ? ಅಪೊಲೊ ನೋಡುತ್ತೀಯ ಅನ್ನುವುದಿಲ್ಲ. ಸೂರ್ಯನಲ್ಲಿ, ನಕ್ಷತ್ರಗಳಲ್ಲಿ ಅವಳ ಚೆಲುವಿನ ಹೋಲಿಕೆ ಕಾಣುತ್ತೀಯ ಅನ್ನುತ್ತಾನೆ. ಹೋಲಿಕೆ ಅಷ್ಟೇ! ನಿಮ್ಮ ಓವಿಡ್‌ನಲ್ಲಿ ಸತ್ತ ಮೇಲಾದರೂ ಇಬ್ಬರೂ ಜೊತೆಯಾಗಿ ಓಡಾಡುತ್ತಾರೆ. ಅಲ್ಲಿ ಅವನು ಹಿಂತಿರುಗಿ ನೋಡಿದರೂ ಅವಳು ಮಾಯವಾಗುವುದಿಲ್ಲ. ಇಲ್ಲಿ ಅವಳು ಕೆಳಗೆ ಪಾತಾಳದಲ್ಲಿ, ಇವನು ಮೇಲೆ ಸ್ವರ್ಗದಲ್ಲಿ. ಸಾವೂ ಇಲ್ಲ, ಭೇಟಿಯೂ ಇಲ್ಲ. ನನಗೆ ಇದೇ ಜಾಸ್ತಿ ಕ್ರೂರ ಅನ್ನಿಸುತ್ತದೆ.

ಪ್ರಸಾದ್ ಮಾವ: ಒಟ್ಟಾಗಿ ಹಾಡುವ ಮೇಳದವರು 'ಪೂರ್ತಿ ಸುಖವಾಗಿ ಹೋಗು ಆರ್ಫಿಯಸ್' ಅಂತ ಹಾಡುತ್ತಾರಲ್ಲ?

ಚೈತ್ರಾ: ಅದು ಮೇಳದ ಮಾತು. ಅವನ ಪ್ರಶ್ನೆಗೆ ಅದು ಉತ್ತರ ಅಲ್ಲ.

ಸುಧಾ ಅತ್ತೆ: ನೀವಿಬ್ಬರೂ ಆ ಜೋಡಿ ಹಾಡನ್ನೇ ಬಿಟ್ಟಿರಿ. ಅಪ್ಪ ಮಗ ಸೇರಿ ಹಾಡುತ್ತಾ ಮೇಲೇರುವಾಗ ನನಗೆ ಅಳು ಬಂತು. ಪೂರ್ತಿ ಒಂಟಿಯಾದವನ ಹತ್ತಿರ ಒಬ್ಬರು ಬಂದರಲ್ಲ. ಹೆಂಡತಿ ಸಿಗಲಿಲ್ಲ, ಸರಿ. ಅಷ್ಟಕ್ಕೆ ಅವನು ಚೂರುಚೂರಾಗಿ ಸಾಯಲೇಬೇಕಾ?

ನಿಖಿಲ್: ಅತ್ತೆ ಹೇಳಿದ್ದು ಸರಿ. ಆ ಹಾಡಿನಲ್ಲಿ ಅವನ ದನಿಯಲ್ಲೂ ನೆಮ್ಮದಿ ಇದೆ ಅಲ್ವಾ ಚೈತ್ರಕ್ಕ?

ಚೈತ್ರಾ: ಇದೆ. ಆದರೆ ಅವಳ ಹೆಸರು ಆ ಹಾಡಿನಲ್ಲಿ ಇಲ್ಲ. ಇನ್ನೊಂದು ಸಲ ಕೇಳು.

ಪ್ರಸಾದ್ ಮಾವ: ಅಷ್ಟು ಭಾಗ ನಾನೂ ಮತ್ತೆ ಕೇಳುತ್ತೇನೆ. ಕುಣಿತ ಮಾತ್ರ ನನಗೆ ಬೇಡ.